ನಾನೇ ಹಾಕಿದ ಕಲಾಯಿ

ನನ್ನ ಕೈಕೆಲಸದ ಬಗ್ಗೆ ನನಗೆ ಮೊದಲಿನಿಂದಲೂ ಜಂಬ. ಭದ್ರಾವತಿಯ ಕಾರ್ಖಾನೆಯೊಂದರ ರಿಪೇರಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಬೀದಿಯಲ್ಲಿ ಕೂಗಿಕೊಂಡು ಬರುವ ಕಲಾಯಿಯವನ ಕೈಗೆ ಪಾತ್ರೆ ಕೊಡುವುದೆಂದರೆ ಮೈ ಉರಿಯುತ್ತಿತ್ತು.

ತೊಂಬತ್ತೆಂಟರಲ್ಲಿ ಚೊಚ್ಚಲ ಬಸುರಿಯಾದ ಮಗಳು ಸಮತಾ, ವಾಂತಿ ತಡೆಯಲಾರದೆ ಮೂರನೇ ತಿಂಗಳಿಗೇ ನ್ಯೂ ಟೌನಿನ ನಮ್ಮ ಮನೆಗೆ ಬಂದುಬಿಟ್ಟಳು. ಹಾಲಿನ ವಾಸನೆ ಬಂದರೆ ಸಾಕು, ವಾಕರಿಕೆ. ನಿಂಬೆಹಣ್ಣು ಹಿಂಡಿದ ಟೀ ಮಾತ್ರ ಗಂಟಲಲ್ಲಿ ಇಳಿಯುತ್ತಿತ್ತು. ಬಸುರಿಗೆ ಹಿತ್ತಾಳೆಯೇ ಒಳ್ಳೆಯದೆಂದು ಹೆಂಡತಿ ಈಶ್ವರಮ್ಮ ಅಟ್ಟದಿಂದ ಹಳೆಯ ತಪ್ಪಲೆ ಇಳಿಸಿದಳು. ಹುಳಿ ಬಿದ್ದರೆ ಹಿತ್ತಾಳೆ ಕಿಲುಬು ಬಿಡುತ್ತದೆ, ಒಳಗೆ ಕಲಾಯಿ ಬೇಕೇ ಬೇಕು. ನಾನೇ ಹಾಕಿದೆ. ತವರ ಸಾಲಲಿಲ್ಲ, ಹಳೆಯ ಬ್ಯಾಟರಿಯ ಸೀಸ ಕರಗಿಸಿ ಬೆರೆಸಿದೆ. ತಪ್ಪಲೆಯ ಒಳಗೆಲ್ಲ ಫಳಫಳ ಹೊಳೆಯಿತು. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೇನಿದೆ ಅನ್ನಿಸಿತ್ತು.

ಎರಡು ತಿಂಗಳು ಕಳೆಯಿತು. ಪಕ್ಕದ ಮನೆಯ ಅಕ್ಷಯಾ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬಗೆಬಗೆಯ ಟೀಯಲ್ಲಿ ಯಾವ ಲೋಹ ಎಷ್ಟಿದೆ ಎಂದು ನೋಡುವುದು ಅವಳ ಪ್ರಾಜೆಕ್ಟು. ನಮ್ಮ ಮನೆಯಿಂದಲೂ ಮೂರು ಬಾಟಲಿ ತುಂಬಿಸಿಕೊಂಡು ಹೋಗಿದ್ದಳು. ಒಂದು ಸಂಜೆ ಬಸ್ಸಿಳಿದವಳೇ ನೇರ ನಮ್ಮಲ್ಲಿಗೆ ಬಂದಳು.

"ಅಂಕಲ್, ನಿಮ್ಮನೆ ಹಾಲಿನ ಟೀ, ಬ್ಲ್ಯಾಕ್ ಟೀ ಎರಡರಲ್ಲೂ ಭಯಪಡೋ ಅಂಥದ್ದೇನಿಲ್ಲ. ಲೆಮನ್ ಟೀಲಿ ಮಾತ್ರ ಸೀಸ ವಿಪರೀತ ಇದೆ. ಎರಡು ಸಲ ನೋಡಿದ್ವಿ. ಸಮತಕ್ಕ ಕುಡೀಬಾರ್ದು. ಹೊಟ್ಟೇಲಿರೋ ಮಗೂಗೂ ಹೋಗುತ್ತೆ, ಅದರ ಮಿದುಳಿಗೆ ಕೆಟ್ಟದ್ದು."

ಅವೆರಡು ಟೀಯನ್ನು ಸ್ಟೀಲ್ ಪಾತ್ರೆಯಲ್ಲಿ ಕಾಸುತ್ತಿದ್ದೆವು. ನಿಂಬೆಯದನ್ನು ಮಾತ್ರ ನಾನು ಕಲಾಯಿ ಹಾಕಿದ ಆ ತಪ್ಪಲೆಯಲ್ಲಿ.

"ನಿಂಬೆಹಣ್ಣಿಗೆ ಔಷಧಿ ಹೊಡ್ದಿರ್ತಾರೆ!" ಈಶ್ವರಮ್ಮ ಸೆರಗು ಸಿಕ್ಕಿಸಿ ಎದ್ದಳು. "ಆ ತರಕಾರಿ ಜಟ್ಟಪ್ಪನ ಹತ್ರನೇ ತಗೊಂಡಿದ್ದು. ಇವತ್ತು ಅವನಿಗೆ ಬಿಡಿಸ್ತೀನಿ ಗ್ರಹಚಾರ."

ನಾಚಿಕೆಗೆಟ್ಟವನು ನಾನು. ನಿಂಬೆಹಣ್ಣಿನದ್ದೇ ತಪ್ಪಾಗಿರಲಿ ದೇವರೇ ಎಂದು ಒಳಗೊಳಗೇ ಬೇಡಿಕೊಂಡೆ.

"ಹೋಗ್ಲಿ ಬಿಡಮ್ಮ, ನಿಂಬೆಹಣ್ಣು ಬೇಡ. ಹುಣಸೆಹಣ್ಣಿನ ತಿಳಿಸಾರು ಮಾಡ್ಕೊಂಡು ಕುಡೀತೀನಿ" ಎಂದು ಸಮತಾ ಅದೇ ತಪ್ಪಲೆಯನ್ನು ಸ್ಟವ್ ಮೇಲಿಟ್ಟಳು.

"ಮುಟ್ಬೇಡ ಅದನ್ನ!" ಎಂದು ಕಿರುಚಿದೆ. ಆಮೇಲೆ ತಡೆಯಲಾಗಲಿಲ್ಲ. ತವರ, ಸೀಸ, ಬ್ಯಾಟರಿ, ಎಲ್ಲ ಹೇಳಿಬಿಟ್ಟೆ. ಈಶ್ವರಮ್ಮ ತಪ್ಪಲೆಯನ್ನು ಸ್ಟವ್ ಮೇಲಿಂದ ಕಿತ್ತು ಹಿತ್ತಲಿಗೆ ಎಸೆದಳು. ಸಮತಾ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆಯೇ ಶಿವಮೊಗ್ಗದ ಡಾಕ್ಟರ ಬಳಿಗೆ ಓಡಿದೆವು. ಬಸ್ಸಿನಲ್ಲಿ ಮಗಳು ನನ್ನ ಪಕ್ಕದಲ್ಲೇ ಕೂತಳು. ರಕ್ತವನ್ನು ಬೆಂಗಳೂರಿಗೆ ಕಳಿಸಬೇಕು, ರಿಪೋರ್ಟಿಗೆ ಎರಡು ವಾರ ಎಂದರು ಡಾಕ್ಟರು. ಒಳಗೆ ಹೋದದ್ದು ಅಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲವಂತೆ. ಎಷ್ಟು ಹೋಗಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆಯಂತೆ.

"ದಿನಕ್ಕೆ ಎಷ್ಟು ಲೋಟ ಕುಡೀತಿದ್ರಿ?"

"ಒಂದೇ" ಎಂದಳು ಸಮತಾ, ನನ್ನ ಮುಖ ನೋಡದೆ.

ನನ್ನನ್ನು ಉಳಿಸಲು ಹಾಗೆ ಹೇಳಿದಳೆಂದು ಗೊತ್ತಾಯಿತು. ಒಂದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಬೆಳಿಗ್ಗೆಯಿಂದ ಮಲಗುವವರೆಗೆ ಬಿಸಿಬಿಸಿಯಾಗಿ ತಂದು, ಪೂರ್ತಿ ಕುಡಿ ಮಗಳೇ ಎಂದು ಎದುರಿಗೆ ನಿಂತು ಕುಡಿಸುತ್ತಿದ್ದವನು ನಾನೇ.

"ಐದು, ಡಾಕ್ಟ್ರೇ" ಎಂದೆ. "ಒಂದೊಂದು ದಿನ ಆರು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಸಮತಾಳ ಹೊಟ್ಟೆಯ ಕಡೆ ನೋಡಿದರು.