ಹನ್ನೊಂದು ಪೆಟ್ಟಿಗೆ

ಸುಷ್ಮಿತಾ ಮೂರನೇ ಸಲ ಗುಂಡಿ ಒತ್ತಿದಳು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ದೀಪ ಹಸಿರಾಗಲಿಲ್ಲ, ಕೆಂಪೇ ಉರಿಯುತ್ತಿತ್ತು. ಹಿತ್ತಲ ತೋಟದಲ್ಲಿ, ಆಗತಾನೇ ತೆಂಗಿನಮರದಿಂದ ಬಿದ್ದ ರಾಜಣ್ಣ ಅಂಗಾತ ಮಲಗಿದ್ದ. ಸೊಂಟದಿಂದ ಕೆಳಗೆ ಏನೂ ಗೊತ್ತಾಗುತ್ತಿಲ್ಲ ಎಂದು ಅವನೇ ಹೇಳಿದ್ದ. ಹೆಂಡತಿ ಗಂಗಕ್ಕ ಅವನ ತಲೆ ಅಲುಗದಂತೆ ಹಿಡಿದು ಕೂತಿದ್ದಳು.

ಗುಡ್ಡದ ಮರೆಯ ಆ ಪಾಳ್ಯಕ್ಕೆ ಮೊಬೈಲ್ ಸಿಗ್ನಲ್ ಇರಲಿಲ್ಲ. ಸಿಗುವ ದಿಣ್ಣೆಗೆ ಒಂದು ಗಂಟೆಯ ನಡಿಗೆ. ಉಳಿದ ಗಂಡಸರೆಲ್ಲ ಬೈಕು, ಆಟೋ ಹತ್ತಿ ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋಗಿದ್ದರು. ಇಂಥ ಹೊತ್ತಿಗೆಂದೇ, ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಸುಷ್ಮಿತಾ ಊರಿಗೆ ಹನ್ನೊಂದು ವೈರ್‌ಲೆಸ್ ಪೆಟ್ಟಿಗೆ ಹಾಕಿಸಿದ್ದಳು. ಸುದ್ದಿ ಒಂದರಿಂದ ಒಂದಕ್ಕೆ ದಾಟುತ್ತ ಬಿಳಿಗೆರೆಯ ಹಾಲಿನ ಡೇರಿ ತಲುಪಿದರೆ ಅಲ್ಲಿನ ಯೋಗೀಶ್ ಆಂಬುಲೆನ್ಸ್ ಕರೆಯುತ್ತಿದ್ದ. ಮೊದಲ ನಕ್ಷೆಯಲ್ಲಿ ಪ್ರತಿ ಪೆಟ್ಟಿಗೆಗೂ ಎರಡು ದಾರಿಗಳಿದ್ದವು. ಖರ್ಚು ಅರ್ಧಕ್ಕಿಳಿಸಲು ಅವಳೇ ಒಂದೊಂದಾಗಿ ಗೆರೆ ಅಳಿಸಿ ಒಂದೇ ಸಾಲು ಉಳಿಸಿದ್ದಳು. ಕಾಲೇಜಿನಲ್ಲಿ ಎಲ್ಲರೂ ಅದನ್ನು ಮೆಚ್ಚಿದ್ದರು.

ಕೆಂಪು ಎಂದರೆ ಸಾಲು ಕಡಿದಿದೆ; ಎಲ್ಲಿ ಎಂದು ನೋಡಲು ಓಡಿದಳು. ಪಕ್ಕದ ವೀರಭದ್ರಯ್ಯನ ಪಂಪ್‌ಹೌಸಿನ ಎತ್ತರದ ಕಂಬ ಗಾಳಿಗೆ ಉರುಳಿ, ಪೆಟ್ಟಿಗೆ ಒಡೆದು ಬಿದ್ದಿತ್ತು. ನಡುವಿನ ಯಾವುದನ್ನು ತೆಗೆದರೂ ಸಾಲು ಮತ್ತೆ ಕಡಿಯುತ್ತಿತ್ತು; ಬಿಚ್ಚಿ ತರಬಹುದಾದದ್ದು ಡೇರಿಗೆ ಎದುರು ತುದಿಯ, ಕೊನೆಯ ಮನೆಯ ಪೆಟ್ಟಿಗೆ ಮಾತ್ರ. ಅಲ್ಲಿ ಉಬ್ಬಸದ ಭೂತಮ್ಮ ಒಬ್ಬಳೇ ಇದ್ದಳು. ಸುಷ್ಮಿತಾ ಕೇಳಲು ತಡವರಿಸಿದಳು.

"ನನ್ ಉಸ್ರು ಸಂಜೆಗಂಟ ಇರ್ತದೆ," ಎಂದಳು ಭೂತಮ್ಮ. "ಬಿಚ್ಕಂಡೋಗವ್ವ." ಕೋಲೂರುತ್ತ ತಾನೂ ಹಿಂದೆ ಬಂದಳು.

ಪಂಪ್‌ಹೌಸಿನ ಸೂರಿನ ಮೇಲಿಟ್ಟರೆ ಕೆಂಪು. ಗೋಡೆ ಹತ್ತಿ ಕೈಚಾಚಿ ಹಿಡಿದರೂ ಕೆಂಪು. ಸುದ್ದಿ ದಾಟಲು ಪೆಟ್ಟಿಗೆ ತೆಂಗಿನ ಗರಿಗಳ ಮೇಲಕ್ಕೆ ಹೋಗಬೇಕಿತ್ತು. ಊರಲ್ಲಿ ಮರ ಹತ್ತುವವನು ಒಬ್ಬನೇ, ಅವನು ನೆಲದಲ್ಲಿ ಬಿದ್ದಿದ್ದ. ಸುಷ್ಮಿತಾ ಎರಡಾಳೆತ್ತರ ಹತ್ತಿ, ಕೈ ಜಾರಿ, ಎದೆಯ ಚರ್ಮ ಕಿತ್ತುಕೊಂಡು ಇಳಿದಳು.

ಗಂಗಕ್ಕ ಗಂಡನ ತಲೆಯನ್ನು ಭೂತಮ್ಮನ ಕೈಗೆ ಒಪ್ಪಿಸಿ, ಸೀರೆ ಎತ್ತಿ ಕಟ್ಟಿದಳು. ಇಪ್ಪತ್ತು ವರ್ಷ ಕೆಳಗೆ ನಿಂತು ನೋಡಿದ್ದಳೇ ಹೊರತು ಒಮ್ಮೆಯೂ ಹತ್ತಿದವಳಲ್ಲ.

"ಬ್ಯಾಡ ಕಣೇ," ಎಂದ ರಾಜಣ್ಣ.

ಅವಳು ಪೆಟ್ಟಿಗೆಯನ್ನು ಸೆರಗಿಗೆ ಕಟ್ಟಿಕೊಂಡಳು. ಅವನ ಹಗ್ಗವನ್ನು ಪಾದಕ್ಕೆ ಸಿಕ್ಕಿಸಿಕೊಂಡು ಹತ್ತಿದಳು. ನಡುವೆ ಎರಡು ಸಲ ನಿಂತಳು. ತುದಿಯಲ್ಲಿ ಸೊಂಟವನ್ನು ಮರಕ್ಕೆ ಬಿಗಿದುಕೊಂಡು, ಪೆಟ್ಟಿಗೆಯನ್ನು ಗರಿಗಳಾಚೆ ಚಾಚಿದಳು.

"ಹಸ್ರಾಯ್ತು," ಎಂಬ ದನಿ ಮೇಲಿನಿಂದ ಬಂತು.

"ಹಂಗೇ ಹಿಡ್ಕಂಡಿರಿ ಗಂಗಕ್ಕ. ನಾನು ಹೇಳೋಗಂಟ ಬುಡ್ಬೇಡಿ."

ಸುಷ್ಮಿತಾ ಓಡಿಹೋಗಿ ಗೋಡೆಯ ಪೆಟ್ಟಿಗೆಯ ಗುಂಡಿ ಒತ್ತಿದಳು. ಗಾಡಿ ಹೊರಟಿದೆ ಎಂದು ಯೋಗೀಶನ ಉತ್ತರ ಬಂತು. ಆಮೇಲೆ ಗಾಡಿಯವರು ಅವನ ಮೂಲಕ ದಾರಿ ಕೇಳಿದರು, ರೋಗಿಯ ವಯಸ್ಸು ಕೇಳಿದರು, ತಿರುವು ತಪ್ಪಿ ಮತ್ತೆ ದಾರಿ ಕೇಳಿದರು.

ಮುಕ್ಕಾಲು ಗಂಟೆಗೆ ಆಂಬುಲೆನ್ಸ್ ಬಂತು. ನಾಲ್ಕು ಕೈ ಸೇರಿ ರಾಜಣ್ಣನನ್ನು ಹಲಗೆಗೆ ಸರಿಸಿದವು. ಭೂತಮ್ಮನ ಬದಲಿಗೆ ಕುತ್ತಿಗೆ ಹಿಡಿದಿದ್ದ ಸುಷ್ಮಿತಾ ಹಾಗೇ ಒಳಗೆ ಹತ್ತಿದಳು; ಬಾಗಿಲು ಮುಚ್ಚಿತು.

ಗಾಡಿ ತೋಟ ದಾಟುವಾಗ ರಾಜಣ್ಣ ಕಣ್ಣು ತೆರೆದ.

"ಅವ್ಳು ಇಳುದ್ಲಾ?"

ಸುಷ್ಮಿತಾ ಹಿಂದಿನ ಗಾಜಿನಲ್ಲಿ ನೋಡಿದಳು. ಮರದ ತುದಿಯಲ್ಲಿ, ಗರಿಗಳ ನಡುವಿನಿಂದ ಒಂದು ಕೈ ಬಿಳಿಗೆರೆಯ ಕಡೆಗೆ ಚಾಚಿಕೊಂಡೇ ಇತ್ತು.