ಗುರುವಾರದ ವಿಮಾನಕ್ಕೆ ಜನ ಬೇಕು

ನಮ್ಮ ಪುಟ್ಟ ದ್ವೀಪದ ಪಂಗಾಯ್ ವಿಮಾನ ನಿಲ್ದಾಣದಲ್ಲಿ ಟಿಕೆಟ್ ನೋಡುವವಳು ನಾನೇ, ತೂಕ ಹಾಕುವವಳು ನಾನೇ, ವಿಮಾನ ಇಳಿಯುವ ಹೊತ್ತಿಗೆ ರನ್‌ವೇ ಮೇಲಿನ ಹಂದಿಗಳನ್ನು ಅಟ್ಟುವವಳೂ ನಾನೇ. ಹೆಸರು ಕಲೋಲೈನ. ಊರವರು ಬೆನ್ನ ಹಿಂದೆ ನನ್ನನ್ನು ತಕ್ಕಡಿ ಅಂತ ಕರೆಯುತ್ತಾರೆ, ಗೊತ್ತು. ಕರೆಯಲಿ ಬಿಡಿ. ಎಂಟು ಸೀಟಿನ ಪುಟ್ಟ ವಿಮಾನ, ಮನುಷ್ಯರನ್ನೂ ತೂಗಿಯೇ ಹತ್ತಿಸಬೇಕು. ತೂಗದೆ ಹತ್ತಿಸಿದರೆ ಎಲ್ಲರೂ ಸಮುದ್ರದಲ್ಲಿ ಮೀನಿನ ಪಾಲು.

ಹಿಂದೆಲ್ಲ ಈ ತಕ್ಕಡಿಯ ಮೇಲೆ ಜನ ನಿಲ್ಲುತ್ತಿದ್ದರು. ಈಚೆಗೆ ಊಟದ ಡಬ್ಬಿಗಳು ನಿಲ್ಲುತ್ತವೆ. ದೊಡ್ಡ ಹಡಗು ಬಂದ ಮೇಲೆ ರಾಜಧಾನಿ ನುಕುಅಲೋಫಾಕ್ಕೆ ಹೋಗುವವರು ಚಾಪೆ ಹಾಸಿಕೊಂಡು ಅದರಲ್ಲೇ ಮಲಗಿ ಹೋಗುತ್ತಾರೆ, ಅದು ಅಗ್ಗ. ಅದಕ್ಕಿಂತ ಹೆಚ್ಚಾಗಿ, ಹೋಗುವುದೇ ಕಡಿಮೆಯಾಗಿದೆ. ರಾಜಧಾನಿಯಲ್ಲಿರುವ ಮಕ್ಕಳನ್ನು ನೋಡಿ ಬರೋಣ ಅನ್ನುವ ಬದಲು, ಮಕ್ಕಳಿಗೆ ಒಂದಿಷ್ಟು ಕಳಿಸೋಣ ಅನ್ನುವ ಕಾಲ ಇದು. ಬೇಯಿಸಿದ ಗೆಣಸು, ಹುರಿದ ಮೀನು, ಆಕ್ಟೋಪಸ್, ಎಲ್ಲ ಐಸ್ ಪೆಟ್ಟಿಗೆಯಲ್ಲಿ ತುಂಬಿ ತಂದು ನನ್ನ ಮುಂದೆ ಕುಕ್ಕುತ್ತಾರೆ. ಊಟ ವಿಮಾನದಲ್ಲಿ ಹೋಗುತ್ತದೆ, ಉಣಿಸುವವರು ಮನೆಗೆ ಹೋಗುತ್ತಾರೆ.

ಮೇಲಿನ ಆಫೀಸಿನವರು ಇದನ್ನು ಗಮನಿಸದೆ ಬಿಡುತ್ತಾರೆಯೇ? ಒಂದು ಬೆಳಿಗ್ಗೆ ಫೋನು ಬಂತು.

"ಕಲೋಲೈನ, ಗುರುವಾರ ಇಬ್ಬರು ಬರ್ತಾರೆ, ಉಳಿದದ್ದೆಲ್ಲ ಡಬ್ಬಿ. ಡಬ್ಬಿ ಬಾಡಿಗೆಯಿಂದ ಎಣ್ಣೆ ಖರ್ಚೂ ಹುಟ್ಟಲ್ಲ. ಗುರುವಾರದ್ದು ನಿಲ್ಲಿಸ್ತೀವಿ. ಇನ್ಮೇಲೆ ಸೋಮವಾರ ಒಂದೇ."

"ನಿಲ್ಲಿಸಿ, ನಿಲ್ಲಿಸಿ. ಮೊದಲು ನಮ್ಮ ಊರನ್ನೇ ನಕ್ಷೆಯಿಂದ ಅಳಿಸಿಬಿಡಿ, ಇನ್ನೂ ಸುಲಭ ಆಗತ್ತೆ," ಅಂದೆ.

ಆ ಕಡೆಯವನು ನಕ್ಕ. ಒಳ್ಳೆಯ ಹುಡುಗ, ಅವನೇನು ಮಾಡಿಯಾನು. "ಬರೋ ಗುರುವಾರ ಎಂಟೂ ಸೀಟು ತುಂಬಿಸಿ ತೋರಿಸಿ ಅಕ್ಕ. ಜನ ಇದ್ದಾರೆ ಅಂತ ಮೇಲಿನವರಿಗೆ ಹೇಳಿ ಇನ್ನೊಂದಷ್ಟು ತಿಂಗಳು ಎಳೀತೀನಿ," ಅಂದ.

ಫೋನಿಟ್ಟ ಕೂಡಲೇ ನನಗೆ ನೆನಪಾದದ್ದು ಲೆಸಿಯೆಲಿ. ನನ್ನ ಪಕ್ಕದ ಮನೆಯವಳು, ಜೊತೆಗೆ ಆಡಿ ಬೆಳೆದವಳು. ಅವಳ ಮಗಳು ಪಿಸಿಲಾ ಕಾಲು ಮುರಿದುಕೊಂಡು ರಾಜಧಾನಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಗಾಯ ಕೀವು ಕಟ್ಟಿ ಮಾಯುತ್ತಿರಲಿಲ್ಲ. ಚೆನ್ನಾಗಿ ಉಂಡರೆ ಮಾತ್ರ ಮಾಯುತ್ತದೆ, ಇಲ್ಲದಿದ್ದರೆ ಕಾಲು ತೆಗೆಯಬೇಕಾದೀತು ಅಂತ ಡಾಕ್ಟರು ಹೇಳಿದ್ದರು. ಹುಡುಗಿಗೆ ಆಸ್ಪತ್ರೆಯ ಊಟ ಸೇರದು. ಅದಕ್ಕೇ ಲೆಸಿಯೆಲಿ ಸೋಮವಾರ, ಗುರುವಾರ ನಸುಕಿನಲ್ಲೆದ್ದು ನೆಲದಲ್ಲಿ ತೋಡಿ ಕಲ್ಲು ಕಾಯಿಸುವ ಹೊಂಡದೊಲೆ ಹೊತ್ತಿಸಿ, ಕೆಸುವಿನೆಲೆಯಲ್ಲಿ ಮಾಂಸ ಇಟ್ಟು ತೆಂಗಿನಹಾಲು ಸುರಿದು ಲೂ ಅನ್ನುವ ಪೊಟ್ಟಣ ಕಟ್ಟಿ ಬೇಯಿಸಿ ಕಳಿಸುತ್ತಿದ್ದಳು. ಅಲ್ಲಿ ಟ್ಯಾಕ್ಸಿ ಓಡಿಸುವ ಅವಳ ಅಣ್ಣನ ಮಗ ಡಬ್ಬಿ ಇಳಿಸಿಕೊಂಡು ಹಾಸಿಗೆಯ ಪಕ್ಕ ಇಟ್ಟು ಕೆಲಸಕ್ಕೆ ಹೋಗುತ್ತಿದ್ದ.

"ನೀನೇ ಒಂದ್ಸಲ ಹೋಗಿ ಬಾರೇ," ಅಂತ ಎಷ್ಟೋ ಸಲ ಹೇಳಿದ್ದೆ.

"ನಾನು ಹೋಗಿ ಮುಖ ತೋರಿಸಿದ್ರೆ ಅವಳ ಹೊಟ್ಟೆ ತುಂಬತ್ತಾ? ಅಲ್ಲಿ ಹೊಂಡ ತೋಡಕ್ಕೆ ನಿನ್ನ ತಾತ ಜಾಗ ಬಿಟ್ಟು ಹೋಗಿದಾನಾ?" ಅನ್ನುತ್ತಿದ್ದಳು.

ಅದು ವಾದ. ನಿಜ ಏನೆಂದರೆ ಅವಳಿಗೆ ಹಡಗು ಹತ್ತಿದರೆ ವಾಂತಿ, ವಿಮಾನ ಕಂಡರೆ ನಡುಕ. ವಿಮಾನ ತಲೆಯ ಮೇಲೆ ಹಾರಿದರೆ ಇವತ್ತಿಗೂ ಒಲೆಯ ಮುಂದಿಂದ ಎದ್ದು ಮನೆಯೊಳಗೆ ಹೋಗಿಬಿಡುತ್ತಾಳೆ.

ಗುರುವಾರದ ವಿಷಯ ಹೇಳಿದಾಗ ಅವಳು ಕೂತಲ್ಲೇ ಕೂತಳು. "ಸೋಮವಾರದ ಊಟ ಬುಧವಾರದ ತನಕ ಬರತ್ತೆ. ಆಮೇಲೆ ಅವಳು ಏನು ತಿಂತಾಳೆ ಕಲೋ?" ಅಂತ ಕೇಳಿದಳು. ನಾನು ನೇರ ಪಾದ್ರಿಗಳ ಮನೆಗೆ ಹೋಗಿ ವಿಷಯ ಹೇಳಿದೆ.

ಭಾನುವಾರ ಪಾದ್ರಿ ಸೆಮಿಸಿ ಪ್ರಾರ್ಥನೆ ಮುಗಿದ ಮೇಲೆ ವಿಷಯ ಎತ್ತಿದರು. "ಲೆಸಿಯೆಲಿಯ ಮಗಳ ಊಟದ ದಾರಿ ಇದು. ಗುರುವಾರ ನಾನೊಂದು ಸೀಟು. ಉಳಿದ ಏಳು ಯಾರದು?" ಅಂದರು. ಅಷ್ಟೇ ಸಾಕಾಯಿತು. ನನ್ನ ಸೋದರತ್ತೆ ವಿಕಾ ಮುಂದಿನ ಸಾಲಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದವಳು ತಿರುಗಿಯೂ ನೋಡದೆ, "ನನ್ನದೊಂದು," ಅಂದಳು. ವಿಕಾ ಅತ್ತೆ ಅಂದರೆ ಸಾಮಾನ್ಯಳಲ್ಲ, ನಮ್ಮಲ್ಲಿ ಅಪ್ಪನ ಅಕ್ಕನ ಮಾತಿಗೆ ಎದುರಿಲ್ಲ. ಅಪ್ಪ ಬದುಕಿದ್ದಾಗ ಅವನೇ ಅಕ್ಕನ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದ. ಅವಳು ಹೊರಟಳೆಂದ ಮೇಲೆ ಉಳಿದ ಸೀಟುಗಳು ಚರ್ಚಿನ ಬಾಗಿಲು ದಾಟುವ ಮೊದಲೇ ತುಂಬಿದವು.

ಗುರುವಾರ ಬೆಳಿಗ್ಗೆ ನಾನು ಹಂದಿ ಅಟ್ಟಿ ಬಂದು ನೋಡುತ್ತೇನೆ, ನಿಲ್ದಾಣದ ಮುಂದೆ ಸಂತೆ ನೆರೆದಿದೆ. ಹೊರಟವರು ಎಂಟು ಜನ, ಗಂಟುಗಳಿಗೆ ಲೆಕ್ಕವಿಲ್ಲ. ಪಾದ್ರಿಗಳದ್ದು ಆಳೆತ್ತರದ ಯಾಮ್ ಗೆಡ್ಡೆಗಳ ಕಟ್ಟು, ಮೇಲೊಂದು ಸುಟ್ಟ ಹಂದಿಮರಿ. ವಿಕಾ ಅತ್ತೆಯದ್ದು ಹೆಣೆದ ಚಾಪೆಗಳ ಸುರುಳಿ, ಅದನ್ನು ಎತ್ತಲು ಇಬ್ಬರು ಬೇಕು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ತಪ್ಪು ಅವರದ್ದೂ ಅಲ್ಲ. ನಮ್ಮಲ್ಲಿ ಯಾರಾದರೂ ನೆಂಟರ ಊರಿಗೆ ಕೈಬೀಸಿಕೊಂಡು ಹೋದದ್ದುಂಟೇ? ಸೀಟು ತುಂಬಿಸಲು ಹೊರಟದ್ದಾದರೂ ಹೋಗುವುದು ನೆಂಟರ ಮನೆಗೇ ತಾನೇ. ಜನರ ಜೊತೆ ಗಂಟೂ ತೂಗುತ್ತದೆ ಅನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ, ಊರಿಗೆಲ್ಲ ತೂಕ ಹೇಳುವ ನನ್ನ ತಲೆಗೂ ಹೊಳೆದಿರಲಿಲ್ಲ.

ಎಲ್ಲ ತೂಗಿ ಹೇರಿಸಿದೆ. ಹಿರಿಯರ ಗಂಟು ಮೊದಲು. ಎಂಟೂ ಜನ ಹತ್ತಿ ಕೂತರು. ಆಗ ಲೆಸಿಯೆಲಿ ಬೇಲಿ ಕಡೆಯಿಂದ ಡಬ್ಬಿ ಹೊತ್ತು ಓಡುತ್ತ ಬಂದಳು. ಊಟ ಬಿಸಿಯಾಗಿರಲಿ ಅಂತ ಹೊಂಡ ತಡವಾಗಿ ತೆರೆದಿದ್ದಳಂತೆ. ಪೈಲಟ್ ಹೆನೆಲಿ ನನ್ನ ಕೈಯ ತೂಕದ ಹಾಳೆ ನೋಡಿ ತಲೆ ಅಲ್ಲಾಡಿಸಿದ.

"ಆಗಲ್ಲ ಅಕ್ಕ. ಈಗಲೇ ಅಂಚಿಗೆ ಬಂದಿದೆ."

"ಒಂದು ಡಬ್ಬಿ ಕಣೋ."

"ಒಂದು ಡಬ್ಬಿ, ಒಂದು ಡಬ್ಬಿ ಅಂತಾನೇ ಎಲ್ಲರೂ ಹೇಳೋದು. ಒಂದು ಗಂಟು ಇಳಿಸಿ, ಇಲ್ಲ ಒಬ್ಬರನ್ನ ಇಳಿಸಿ."

ಒಬ್ಬರನ್ನು ಇಳಿಸಿದರೆ ಸೀಟು ಖಾಲಿ, ಗುರುವಾರದ ವಿಮಾನವೇ ಹೋಯಿತು. ಗಂಟು ಇಳಿಸೋಣ ಎಂದರೆ ಯಾರದ್ದು? ಒಳಗೆ ಕೂತವರೆಲ್ಲ ನನಗಿಂತ ಹಿರಿಯರು. ಆದರೂ ಬಾಗಿಲಲ್ಲಿ ತಲೆ ತೂರಿಸಿ, "ಪಾದ್ರಿಗಳೇ, ಆ ಹಂದಿಮರಿ ಸೋಮವಾರ ಕಳಿಸಿದ್ರೆ ಆಗಲ್ವಾ?" ಅಂದೆ.

"ಕಲೋಲೈನ, ನಾನು ಹೋಗ್ತಿರೋದು ಹೆಂಡತಿ ಮನೆಗೆ. ಬರಿಗೈಲಿ ಹೋಗಿ ನಿಂತ್ರೆ ನನ್ನ ಮುಂದಿನ ಪ್ರಸಂಗ ಅವರು ಕೇಳ್ತಾರಾ?" ಅಂದರು. ಪಾಪ, ಅವರ ಮುಖ ಬಾಡಿತ್ತು. ಉಳಿದವರು ಕಿಟಕಿಯಾಚೆ ಏನೋ ಕಂಡವರಂತೆ ಕೂತರು.

ಲೆಸಿಯೆಲಿ ನನ್ನ ತೋಳು ಹಿಡಿದಳು. "ಬಿಡೇ. ಯಾರನ್ನೂ ಕೇಳಬೇಡ. ಸೀಟು ತುಂಬಿ ವಿಮಾನ ಉಳೀಲಿ, ಊಟ ಸೋಮವಾರ ಕಳಿಸ್ತೀನಿ. ನಾಲ್ಕು ದಿನ ತಾನೇ." ನನಗೆ ಎಂಥ ಸಿಟ್ಟು ಬಂತೆಂದರೆ, ಆ ಯಾಮ್ ಗೆಡ್ಡೆಗಳನ್ನು ನಾನೇ ಎಳೆದು ಹಂದಿಗಳಿಗೆ ಹಾಕಿಬಿಡುತ್ತಿದ್ದೆ.

ಅಷ್ಟರಲ್ಲಿ ವಿಕಾ ಅತ್ತೆ ಮೆಟ್ಟಿಲಿಳಿದು ಬಂದಳು. ಅವಳ ನಡಿಗೆಗೆ ಅವಸರ ಅನ್ನುವುದೇ ಗೊತ್ತಿಲ್ಲ. ಹೆನೆಲಿ ಗಡಿಯಾರ ನೋಡುವುದನ್ನೂ ಬಿಟ್ಟು ಪಕ್ಕಕ್ಕೆ ಸರಿದ.

"ಕಲೋ, ನನ್ನ ಚಾಪೆ ಇಳಿಸು."

"ಅತ್ತೆ, ಅದು ಮದುವೆ ಮನೆಗೆ..."

"ಯಾರ ಮನೆಗೆ ಅಂತ ನನಗೆ ನೀನು ಹೇಳಿಕೊಡ್ತೀಯಾ? ಇಳಿಸು. ಲೆಸಿಯೆಲಿ, ಡಬ್ಬಿ ಇಲ್ಲಿ ಕೊಡು. ಇದು ನನ್ನ ಕೈಲಿದ್ರೆ ನಾನು ಬರಿಗೈಲಿ ಹೋದ ಹಾಗಾಗತ್ತಾ?"

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಇನ್ನೇನು ಬಾಗಿಲು ಹಾಕಬೇಕು, ಪಾದ್ರಿ ಎದ್ದರು. ವಿಕಾ ಅಂಥವಳೇ ತನ್ನ ಗಂಟು ಬಿಟ್ಟು ಕೂತಾಗ ಅವಳ ಹಿಂದೆ ಗಂಟು ಇಟ್ಟುಕೊಂಡು ಕೂರುವುದು ಯಾರಿಗೆ ಸಾಧ್ಯ? ಹಂದಿಮರಿ ಇಳಿಯಿತು. ಯಾಮ್ ಇಳಿಯಿತು. ಒಬ್ಬರಾದ ಮೇಲೊಬ್ಬರು ಎಲ್ಲ ಇಳಿಸಿದರು. ಬೇಡ, ಇಷ್ಟು ಬೇಕಿಲ್ಲ ಅಂತ ನಾನು ಬಡಿದುಕೊಂಡರೂ ಯಾರೂ ಕೇಳಲಿಲ್ಲ. ವಿಮಾನ ಎಂಟು ಜನರನ್ನೂ ಒಂದೇ ಒಂದು ಡಬ್ಬಿಯನ್ನೂ ಹೊತ್ತು ಹಾರಿತು. ಲೆಸಿಯೆಲಿ ಆಗಲೇ ನಿಲ್ದಾಣದ ಒಳಗೆ ಸೇರಿಕೊಂಡಿದ್ದಳು.

ಸಂಜೆ ವಿಕಾ ಅತ್ತೆಯ ಫೋನು ಬಂದಾಗ ಲೆಸಿಯೆಲಿ ನನ್ನ ಮನೆಯಲ್ಲೇ ಕೂತಿದ್ದಳು. ಇಬ್ಬರೂ ಕಿವಿ ಹಚ್ಚಿದೆವು.

"ತಲುಪಿದ್ರಾ ಅತ್ತೆ? ನೆಂಟರ ಮನೆಗೆ ಹೋದ್ರಾ?"

"ಎಲ್ಲಿ ನೆಂಟರ ಮನೆ? ಬರಿಗೈ ಹೊತ್ಕೊಂಡು ಯಾರ ಮನೆ ಬಾಗಿಲಿಗೆ ಹೋಗೋದು? ಇದ್ದದ್ದು ಒಂದು ಡಬ್ಬಿ, ಅದು ಹೋಗೋ ಕಡೆ ಎಂಟೂ ಜನ ಹೋದ್ವಿ. ಆಸ್ಪತ್ರೆಗೆ. ನರ್ಸಮ್ಮ ಇಬ್ಬಿಬ್ಬರೇ ಬನ್ನಿ ಅಂದ್ಳು. ನಾವೆಲ್ಲ ಸೇರಿ ಒಂದೇ ಡಬ್ಬಿ ತಂದಿರೋದು, ಅರ್ಧ ಹೇಗಮ್ಮ ಒಳಗೆ ಬಿಡ್ತೀಯಾ ಅಂತ ಪಾದ್ರಿಗಳು ಕೇಳಿದ್ರು."

"ಪಿಸಿಲಾ ತಿಂದ್ಳಾ?" ಲೆಸಿಯೆಲಿ ಫೋನು ಕಿತ್ತುಕೊಂಡಳು.

"ತಿಂದ್ಳು. ನಮ್ಮನ್ನೆಲ್ಲ ಸುತ್ತ ಕೂರಿಸ್ಕೊಂಡು ತಾನೇ ಬಡಿಸಿದ್ಳು. ನಮಗೆ ಎರಡೆರಡು ತುತ್ತು, ಉಳಿದದ್ದು ಅವಳೇ. ಎಲೆ ಕೂಡ ಒರೆಸಿ ತಿಂದ್ಳು." ಅತ್ತೆ ದನಿ ತಗ್ಗಿಸಿದಳು. "ಲೆಸಿಯೆಲಿ, ನಿನಗೆ ಹೇಳದೆ ಇರಬಾರದು. ನೀನು ಕಳಿಸಿದ್ದೆಲ್ಲ ಇಷ್ಟು ದಿನ ಪಕ್ಕದ ಹಾಸಿಗೆಯವರು ತಿಂತಿದ್ರಂತೆ. ಒಬ್ಬಳೇ ಕೂತು ಉಣ್ಣಕ್ಕೆ ಗಂಟಲಲ್ಲಿ ಇಳಿಯಲ್ಲ ಅತ್ತೆ ಅಂದ್ಳು. ನಿನಗೆ ತಿಳಿಸಬೇಡಿ ಅಂತಾನೂ ಅಂದ್ಳು."

ಲೆಸಿಯೆಲಿ ಫೋನು ನನ್ನ ಕೈಗಿಟ್ಟಳು. ತುಂಬ ಹೊತ್ತು ತನ್ನ ಅಂಗೈ ನೋಡಿಕೊಂಡು ಕೂತಿದ್ದಳು. ಒಲೆಯ ಬಿಸಿ ಕಲ್ಲು ತೆಗೆದು ತೆಗೆದು ಸುಟ್ಟ ಅಂಗೈ ಅದು. "ನಾನು ಯಾರಿಗೆ ಬೇಯಿಸ್ತಿದ್ದೆ ಕಲೋ?" ಅಂದಳು. ನಾನು ತೆಂಗಿನೆಣ್ಣೆ ತಂದು ಆ ಅಂಗೈಗೆ ಸವರಿದೆ.

ಗುರುವಾರದ ವಿಮಾನ ಉಳಿಯಿತು. ಪ್ರಯಾಣಿಕರು ಹೆಚ್ಚಿದ್ದು ಸಂತೋಷ, ಆದರೆ ಸರಕು ಒಮ್ಮೆಗೇ ಇಷ್ಟು ಕಡಿಮೆಯಾದದ್ದು ಯಾಕೆ ಅಂತ ಆಫೀಸಿನ ಹುಡುಗ ಕೇಳಿದ. ಊಟಕ್ಕೆ ಬಾ, ಹೇಳ್ತೀನಿ ಅಂದೆ.

ಸೋಮವಾರ ಲೆಸಿಯೆಲಿ ಡಬ್ಬಿ ಹಿಡಿದು ಬೇಲಿಯ ತನಕ ಬಂದಳು. ಡಬ್ಬಿಯ ಜೊತೆ ಬಟ್ಟೆಯ ಗಂಟೂ ಇತ್ತು. ಆದರೆ ವಿಮಾನದ ಸದ್ದು ಕೇಳಿದ್ದೇ ಡಬ್ಬಿ ನನ್ನ ಕೈಗೆ ಕೊಟ್ಟು, ಗಂಟು ಎತ್ತಿಕೊಂಡು ಮನೆಗೆ ಹೋಗಿಬಿಟ್ಟಳು. ನಾನು ಡಬ್ಬಿ ತೂಗಿ ಹತ್ತಿಸಿದೆ.

ಗುರುವಾರ ಮತ್ತೆ ಬಂದಳು. ಚರ್ಚಿಗೆ ಹೋಗುವ ಉಡುಪು, ಅದರ ಮೇಲೆ ಮರ್ಯಾದೆಗೆ ಸೊಂಟಕ್ಕೆ ಸುತ್ತುವ ಹೆಣೆದ ಚಾಪೆ, ಕೂದಲಿಗೆ ಎಣ್ಣೆ. ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟಳು. ಆಮೇಲೆ ಚಪ್ಪಲಿ ಬಿಟ್ಟು, ಡಬ್ಬಿಯ ಪಕ್ಕದಲ್ಲಿ ತಾನೂ ಹತ್ತಿ ನಿಂತು ಕಣ್ಣು ಮುಚ್ಚಿದಳು. ಮೈಯೆಲ್ಲ ನಡುಗುತ್ತಿತ್ತು, ತಕ್ಕಡಿಯ ಮುಳ್ಳು ಒಂದು ಕಡೆ ನಿಲ್ಲಲೊಲ್ಲದು.

"ಅಲುಗಾಡಬೇಡ ಕಣೇ, ತೂಕ ಸಿಗ್ತಿಲ್ಲ."

"ಎಷ್ಟಾದ್ರೂ ಬರ್ಕೋ. ಇಬ್ಬರಿಗೆ ಆಗೋಷ್ಟು ಕಟ್ಟಿದೀನಿ." ಕಣ್ಣು ಬಿಡದೆಯೇ ನನ್ನ ಕೈ ಹುಡುಕಿ ಹಿಡಿದಳು. "ಒಳಗೂ ಹೀಗೇ ಕಣ್ಣು ಮುಚ್ಚಿ ಕೂತ್ಕೋಬಹುದಾ ಕಲೋ?"

"ಕೂತ್ಕೋ," ಅಂದೆ. "ಮಗಳ ಮುಂದೆ ಕೂತ ಮೇಲೆ ಕಣ್ಣು ಬಿಡು, ಸಾಕು."