ಎರಡು ಹಿಡಿಕೆ, ಒಂದೇ ಗೀರು

ಎರಡಕ್ಕೂ ಒಂದೇ ಜಾಗದಲ್ಲಿ ಗಾಯ ಹೇಗಾದೀತು? ಒಂದು ಎಡಬಾಗಿಲಿನ ಗಾಜು ಏರಿಸುವ ಹಿಡಿಕೆ, ಇನ್ನೊಂದು ಬಲಬಾಗಿಲಿನದು. ಬೇರೆ ಬೇರೆ ಕೈಗಳು ತಿರುಗಿಸಿದಂಥವು. ಆದರೂ ಬೆರಳು ತಾಗುವ ಕಡೆ ಎರಡಕ್ಕೂ ಅಕ್ಕಿಕಾಳಿನಷ್ಟು ಅದೇ ಓರೆ ಗೀರು. ಓಂಕಾರ ಕಣ್ಣು ಮುಚ್ಚಿ ಮತ್ತೊಮ್ಮೆ ಸವರಿದ. ಬೆರಳೂ ಅದನ್ನೇ ಹೇಳಿತು.

ಗುಂಜಿ ಸ್ಟೇಶನ್ನಿನ ಹಿಂದೆ ಬಂಡೆಪ್ಪನ ತಗಡಿನ ಶೆಡ್ಡಿನಲ್ಲಿ ಆ ಹಳೆಯ ಮಾರಿಸ್ ಮೈನರ್ ಕಾರು ಬಟ್ಟೆಯ ಛತ್ತನ್ನು ಹಿಂದಕ್ಕೆ ಮಡಚಿಕೊಂಡು ನಿಂತಿತ್ತು. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಎರಕ ಹೊಯ್ಯುತ್ತಿದ್ದ ಬಂಡೆಪ್ಪ ನಿವೃತ್ತನಾದ ಮೇಲೆ ಬೇರೇನೂ ಮಾಡದೆ ಇದೊಂದನ್ನೇ ಎಬ್ಬಿಸಿ ನಿಲ್ಲಿಸಿದ್ದ. ಈಗ ಅವನ ಮೊಣಕಾಲು ಕ್ಲಚ್ಚು ಒತ್ತಲು ಬಿಡುತ್ತಿರಲಿಲ್ಲ. ಓಡಿಸುವವರ ಮನೆ ಸೇರಲಿ ಎಂದು ಮಾರಲು ಹೊರಟಿದ್ದ.

ಕೊಳ್ಳಲು ಬಂದಿದ್ದ ಬೆಳಗಾವಿ ಹಿಂದವಾಡಿಯ ಈರಣ್ಣನಿಗೆ ಇಂಥ ಗಾಡಿಗಳ ಹುಚ್ಚು, ಜೊತೆಗೊಂದು ಹಟ: ಕಂಪನಿಯಿಂದ ಬಂದ ಹಾಗೇ ಇರಬೇಕು, ಒಂದು ತುಂಡೂ ಬದಲಾಗಿರಬಾರದು. ಅವನು ಬೇಡವೆಂದರೆ ಉಳಿಯುವ ಗಿರಾಕಿ ಒಬ್ಬನೇ, ಗಾಡಿ ಬಿಚ್ಚಿ ಬಿಡಿಭಾಗ ಮಾರುವವನು. ಎರಕದ ತಪಾಸಣೆಯೇ ಕಸುಬಾಗಿದ್ದ ಓಂಕಾರನನ್ನು ಈರಣ್ಣ ಅದಕ್ಕೆಂದೇ ಕರೆತಂದಿದ್ದ.

ಬೆಳಗಿನಿಂದ ಓಂಕಾರನಿಗೆ ಬೆರಗು ಬಿಟ್ಟು ಬೇರೇನೂ ಆಗಿರಲಿಲ್ಲ. ಛತ್ತಿನ ಹೊಲಿಗೆ ಒಂದೆಡೆಯೂ ಸುಕ್ಕಾಗಿರಲಿಲ್ಲ. ಬಾಗಿಲು ದೂಡಿದರೆ ತಾನಾಗಿ ಕೂತುಕೊಳ್ಳುತ್ತಿತ್ತು. ತಪ್ಪು ಸಿಗದಿರಲಿ ಎಂದು ತಪಾಸಣೆಗಾರನೇ ಹಾರೈಸುವಂತಿತ್ತು ಆ ಕೆಲಸ.

"ಏನ್ರೀ ಓಂಕಾರ, ಹೆಣ್ಣು ನೋಡಾಕ ಬಂದಂಗ ಸುಮ್ಮನ ಕುಂತೀರಲ್ಲ," ಎಂದ ಈರಣ್ಣ.

"ನೋಡ್ಲಿ ಬಿಡ್ರಿ," ಬಂಡೆಪ್ಪ ನಕ್ಕ. "ಹೆಣ್ಣಾಗಿದ್ರ ಇಷ್ಟೊತ್ತಿಗೆ ಬ್ಯಾಸತ್ತು ಒಳಗ ಹೋಗಿರ್ತಿತ್ತು."

ಓಂಕಾರ ಹಿಡಿಕೆಗಳನ್ನು ಬಿಚ್ಚಿ ಅಳೆದ. ಹಳೆಯ ತುಂಡನ್ನೇ ಮಣ್ಣಿನಲ್ಲಿ ಒತ್ತಿ ಎರಕ ಹೊಯ್ದರೆ, ಲೋಹ ಆರುವಾಗ ಕುಗ್ಗಿ ಹೊಸದು ಕೂದಲೆಳೆಯಷ್ಟಾದರೂ ಸಣ್ಣದಾಗಲೇಬೇಕು. ಇವೆರಡೂ ಸಮ. ತೂಕವೂ ಸಮ. ಆದರೂ ಗೀರು ಒಂದೇ ಆಗಬೇಕಾದರೆ ಒಂದರ ಅಚ್ಚಿನಲ್ಲೇ ಇನ್ನೊಂದು ಹುಟ್ಟಿರಬೇಕು. ಅಂದರೆ ಒತ್ತುವ ಮೊದಲು ಹಳೆಯದಕ್ಕೆ ಅರಗಿನ ವಾರ್ನಿಶ್ ಬಳಿದು, ಕುಗ್ಗುವಷ್ಟನ್ನೇ ದಪ್ಪ ಮಾಡಿದ್ದಾರೆ. ಅವನು ಎರಡನ್ನೂ ಮತ್ತೊಮ್ಮೆ ಅಳೆದ. ಹೇಳಿದರೆ ಗಾಡಿ ಚೂರುಚೂರಾಗಿ ಮಾರಾಟವಾಗುತ್ತದೆ. ಹೇಳದಿದ್ದರೆ ತನ್ನ ಮಾತಿಗೆ ಇನ್ನು ಬೆಲೆಯೇನು?

"ಇದರಾಗ ಒಂದು ಕಂಪನಿದಲ್ಲರೀ," ಎಂದ ಕೊನೆಗೆ. "ಇಲ್ಲೇ ಎರದದ್ದು."

ಈರಣ್ಣನ ಮುಖ ಗಂಟಿಕ್ಕಿತು. ಬಂಡೆಪ್ಪ ಹಿಡಿಕೆಗಳನ್ನು ಈಸಿಕೊಂಡು, ಗೀರಿನ ಮೇಲೆ ಬೆರಳಾಡಿಸಿ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ಒಂದು ಹಿಡಿಕೆ ಎಂದೋ ಕಳೆದುಹೋಗಿತ್ತಂತೆ. ಹಳೆಯ ಕಾರ್ಬ್ಯುರೇಟರ್ ಕರಗಿಸಿ ಇನ್ನೊಂದನ್ನು ಎರೆದನಂತೆ. ಅಸಲಿಯ ಮೇಲಿನ ತರಚು ಗೀರುಗಳನ್ನೆಲ್ಲ ಮೇಣದಿಂದ ತುಂಬಿದ ಮೇಲೆಯೇ ಅಚ್ಚಿಗೆ ಒತ್ತಿದ್ದನಂತೆ.

"ಇದೊಂದು ಗೀರು ಉಳೀತು. ಎಷ್ಟ ವರ್ಷ ತಿರುವೀನ್ರಿ ಈ ಹಿಡಕೀನ. ಇದು ಗೀರು ಅಂತ ಕೈಗೆ ತಿಳೀಲೇ ಇಲ್ಲ. ಹಿಡಕಿ ಅಂದ್ರ ಹಿಂಗ ಇರ್ತದ ಅಂತ ತಿಳಕೊಂಡಿತ್ತು."

"ಅಸಲಿ ಯಾವುದು?" ಈರಣ್ಣ ಓಂಕಾರನನ್ನು ಕೇಳಿದ.

"ಗೊತ್ತಾಗವಲ್ದು."

"ನಿಮಗ?"

"ಪಾಲಿಶಿಗೆ ಕೊಟ್ಟಾಗ ಎರಡೂ ಒಂದರಾಗೊಂದು ಕಲತು ಬಂದ್ವು," ಎಂದ ಬಂಡೆಪ್ಪ. "ಖರೇ ಹೇಳ್ತೀನಿ, ನನಗೂ ಗೊತ್ತಿಲ್ರಿ."

ಈರಣ್ಣ ಎರಡನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹೋದ. ತಿರುವಿದ, ತೂಗಿದ, ಅದಲುಬದಲು ಮಾಡಿದ. ಬಹಳ ಹೊತ್ತಿನ ಮೇಲೆ ಅವನ ಹೆಗಲು ಕುಲುಕತೊಡಗಿತು. ನಗುತ್ತಿದ್ದ.

"ಮಾಡಿದಾಂವಗ ಗೊತ್ತಿಲ್ಲ, ಹುಡುಕಿದಾಂವಗ ಗೊತ್ತಿಲ್ಲ. ನಾ ಯಾವುದನ್ನ ಬ್ಯಾಡ ಅನ್ಲಿ? ಜೋಡಸ್ರಿ, ಹೋಗೂಣು."

ಬಂಡೆಪ್ಪ ತಾನೇ ಹಿಡಿಕೆಗಳನ್ನು ಕೂರಿಸಿದ. ಈರಣ್ಣ ಎಂಜಿನ್ ಚಾಲೂ ಮಾಡಿದಾಗ ಬಂಡೆಪ್ಪ ಓಂಕಾರನ ಬಾಜು ಬಂದು, ಬಾಗಿಲ ಮೇಲೆ ಕೈಯಿಟ್ಟು, ಅವನ ಬಾಯಿಂದ ಏನೋ ಕೇಳಲು ಕಾದವನಂತೆ ನಿಂತ. ಓಂಕಾರ ಬರುತ್ತೇನೆ ಎನ್ನುವಂತೆ ತಲೆಯಾಡಿಸಿದ, ಅಷ್ಟೆ. ಗಾಡಿ ಖಾನಾಪುರ ದಾಟಿ ಬೆಳಗಾವಿಯ ದಾರಿ ಹಿಡಿಯಿತು. ಆಮೇಲೆಯೂ ಓಂಕಾರ ಎಷ್ಟೋ ಸಲ ಗುಂಜಿಗೆ ಹೋದ, ಬಂಡೆಪ್ಪನ ಮನೆಯಲ್ಲಿ ಚಹಾ ಕುಡಿದ. ತಾನು ಕಂಡ ಎರಕಗಳಲ್ಲೆಲ್ಲ ಆ ಹಿಡಿಕೆಯೇ ಮೇಲು ಎಂದು ಮಾತ್ರ ಅವನಿಗೆ ಯಾವತ್ತೂ ಹೇಳಲಿಲ್ಲ.